ಹಿಂದ ಬರದ ಚಿಲ್ಲರೆ

ಲಿಂಗಸುಗೂರು ಬಿಟ್ಟಾಗ ಒಂಬತ್ತೂಕಾಲು.
ಅರವತ್ತೆಂಟು ಮಂದಿ, ಅದರಾಗ ಐವತ್ತೊಂದು ಹೆಣ್ಮಕ್ಕಳು
ಆಧಾರ ಕಾರ್ಡು ಎತ್ತಿ ತೋರಿಸಿ
ಸೊನ್ನೆ ಟಿಕೀಟು ಹರಿಸಿಕೊಂಡವರು.
ಐವತ್ತೆರಡನೇದಾಕಿ
ಎತ್ತಿ ತೋರಿಸಿದ್ದು ಐನೂರರ ನೋಟು.

ಬೆಳ್ಳನ ತಲಿ, ಬಿಸಿಲಿಗೆ ಕೆಂಪಾದ ಮೂಗು,
ಬಾನೆಟ್ಟಿನ ಮ್ಯಾಲ ಮೊಣಕಾಲು ಮಡಚಿ ಕುಂತಿದ್ದಳು.
ಹೆಸರು ಕೇಳಿದರ "ಮಾಡಿ" ಅಂದಳು.
ಏನು ಮಾಡಲಿ ಅಂದೆ.
ಬಸ್ಸೆಲ್ಲಾ ನಕ್ಕಿತು. ಯಾಕಂತ ತಿಳೀದ ಆಕಿನೂ ನಕ್ಕಳು.
ನಾಗರಾಳದ ಹುಲಿಗೆಮ್ಮ, ಡಿಗ್ರಿ ಎರಡನೇ ವರ್ಷ,
ನಡುವ ನಿಂತು ಮಾತು ಆ ದಂಡಿಯಿಂದ ಈ ದಂಡಿಗೆ ದಾಟಿಸಿದಳು.

ಊರು ಲಕ್ಸೆಂಬರ್ಗ್.
ಲಕ್ಷ ಅಂದ ಮ್ಯಾಲ ರೊಕ್ಕದ ದೇಶನ ಇರಬೇಕು,
ಅಂದ ಡ್ರೈವರ್ ಮೌಲಪ್ಪ, ಕನ್ನಡಿಯಾಗ ನೋಡಿ.
ಎಷ್ಟು ದೊಡ್ಡದು?
ಈ ತುದಿಯಿಂದ ಆ ತುದಿಗೆ ಎಂಬತ್ತೆರಡು ಕಿಲೋಮೀಟರು.
ಅಂದ್ರ ನಮ್ಮ ಡಿಪೋದಿಂದ ರಾಯಚೂರಿಗೆ ಹೊಂಟರ
ಕಲ್ಮಲಾ ದಾಟೂದ್ರಾಗ ದೇಶ ಮುಗೀತು.

ಫೋನಿನಾಗ ತೋರಿಸಿದಳು.
ಕಲ್ಲಗುಡ್ಡದ ತುದಿಗೆ ಒಂದು ಊರು, ಕೆಳಗ ಹೊಳಿ,
ಗುಡ್ಡದ ಹೊಟ್ಟಿಯೊಳಗ ಮೈಲುಗಟ್ಟಲೆ ಸುರಂಗ,
ದಂಡಿನ ಕುದುರಿ, ಅಡುಗಿ ಒಲಿ ಎಲ್ಲಾ ಅದರಾಗ ಇದ್ದವಂತ.
ಆಳಿದವರನ್ನ ಬೆರಳು ಮಡಚಿ ಎಣಿಸಿದಳು,
ಸ್ಪೇನಿನವರು, ಫ್ರಾನ್ಸಿನವರು, ಆಸ್ಟ್ರಿಯಾದವರು, ಮತ್ಯಾರೋ.
ಕಡಿಗೆ ದೊಡ್ಡ ದೇಶದವರೆಲ್ಲಾ ಮೇಜಿಗೆ ಕುಂತು
ಕ್ವಾಟಿ ಒಡೀರಿ, ಜಗಳ ಬ್ಯಾಡ ಅಂತ ಬರಕೊಂಡರಂತ.
ಒಡಿಯಾಕ ಹದಿನಾರು ವರ್ಷ ಹಿಡೀತು,
ಕೂಲಿ ಕೊಟ್ಟವರೂ ನಾವ ಅಂದಳು.
ಹಿಂದಿನ ಸೀಟಿನ ಮುದುಕ ಹನಮಗೌಡ ಕೆಮ್ಮಿದ:
"ನಮ್ಮದು ತಾನ ಬೀಳಾಕತ್ತೈತಿ, ಪುಗಸಟ್ಟೆ."

ಇನ್ನೊಂದು ಚಿತ್ರ. ಓಣಿ ತುಂಬ ಮಂದಿ,
ಒಬ್ಬರಿಗೊಬ್ಬರು ಬಿಳಿ ಕರವಸ್ತ್ರದ ತುದಿ ಹಿಡಕೊಂಡು
ಎಡಕ್ಕೊಂದು ಬಲಕ್ಕೊಂದು ಜಿಗಿತಾರ,
ಯಾವನೋ ಸಂತನ ಗೋರಿ ಮುಟ್ಟೂತನಕ.
ಹಿಂಗ ನಾವೂ ಜಿಗಿತೀವಿ ಅಂದಳು ಹುಲಿಗೆಮ್ಮ,
ಮೊಹರಮ್ಮಿಗೆ, ಅಲಾಯಿ ಕುಣಿ ಸುತ್ತ.
ದೇವರ ಹೆಸರು ಹುಸೇನ, ಹೆಜ್ಜಿ ನಮ್ಮಪ್ಪಂದು.
ಕರವಸ್ತ್ರ ಇಲ್ಲ, ಟವಲ್ಲು ಐತಿ.

ಆಮ್ಯಾಲ ಬಂತು ಆ ಮಾತು.
ಅವರಲ್ಲಿ ಬಸ್ಸಿಗೆ ಟಿಕೀಟ ಇಲ್ಲ.
ಹೆಣ್ಣಿಗಿಲ್ಲ, ಗಂಡಿಗಿಲ್ಲ, ಪರದೇಶಿಗೂ ಇಲ್ಲ.
ಹಂಗಾದ್ರ ಕಂಡಕ್ಟರ್ ಏನ್ ಮಾಡ್ತಾನ?
ಹುಲಿಗೆಮ್ಮ ಕೇಳಿದಳು. ಉತ್ತರ ದಾಟಿಸಲಿಲ್ಲ,
ಕಿಟಕಿ ಕಡೆ ನೋಡಿದಳು.
ನಾನು ಮಷೀನಿನ ಬಟನ್ ಒತ್ತಿದೆ.
ಇಪ್ಪತ್ತೆಂಟು ರೂಪಾಯಿ. ಚಿಲ್ಲರೆ ಇಲ್ಲ.
ಟಿಕೀಟಿನ ಹಿಂದ ಬರದು ಕೊಟ್ಟೆ,
೪೭೨, ಕೆಳಗೊಂದು ಗೆರಿ.

ಮುದಗಲ್ಲಿನಾಗ ಚಿಲ್ಲರೆ ಕೂಡಿತು, ಆಕಿ ಇಲ್ಲ.
ಮೌಲಪ್ಪ ಚಾಕ್ಕ ಹ್ವಾದ. ವಾಪಸ್ ಟ್ರಿಪ್ಪಿಗೆ ನಲವತ್ತು ನಿಮಿಷ.
ರೊಕ್ಕ ಮುಷ್ಟಿಯಾಗ ಹಿಡದು ನಡದೆ.
ಹತ್ತೊಂಬತ್ತು ವರ್ಷ "ಯಾರ್ರೀ ಕ್ವಾಟಿ, ಇಳೀರಿ" ಅಂತ ಒದರೀನಿ,
ದರವಾಜ ದಾಟಿದ್ದು ಅವತ್ತ.
ಕಂದಕದಾಗ ಜೇಕು, ಜೇಕಿನಾಗ ಎಮ್ಮಿ.
ಕಲ್ಲಿನ ಮ್ಯಾಲ ಅಕ್ಷರ, ಒಂದು ಕನ್ನಡ, ಒಂದು ಪಾರಸಿ,
ಒಂದ ಸೀಟಿನಾಗ ಒತ್ತಿಕೊಂಡು ಕುಂತವರಂಗ.
ತೋಪಿನ ಬಾಯಾಗ ಗುಬ್ಬಿ ಗೂಡು.
ಬುರುಜಿಗೆ ಹಗ್ಗ ಕಟ್ಟಿ ಯಾರೋ ಅರಿವಿ ಒಣಗ ಹಾಕ್ಯಾರ.
ಇದನ್ನ ನೋಡಾಕ ಅಷ್ಟು ದೂರದಿಂದ ಬರೂದೇನು, ಅಂದುಕೊಂಡೆ,
ಅಂದುಕೊಂಡು ಇನ್ನೊಂದು ಮೆಟ್ಟಲ ಏರಿದೆ.

ಸಿಗಲಿಲ್ಲ. ಹಾರ್ನ್ ಕೇಳಿತು, ಓಡಿದೆ.
ಸಂಜಿಗೆ ಡಿಪೋದಾಗ ಲೆಕ್ಕ ಒಪ್ಪಿಸಿದರ
ನಾನೂರ ಎಪ್ಪತ್ತೆರಡು ಹೆಚ್ಚು.
ಕ್ಯಾಶಿಯರ್ ಬಸಲಿಂಗಯ್ಯ ಕನ್ನಡಕ ಏರಿಸಿ "ಯಾರದು?" ಅಂದ.
ದೇಶದ ಹೆಸರು ಹೇಳಿದೆ.
ಅಂಥ ಸ್ಟೇಜು ಮಷೀನಿನಾಗ ಇಲ್ಲ ಅಂದ.

ಈಗ ಆಕಿ ತಮ್ಮೂರ ಬಸ್ಸಿನಾಗ
ಯಾರೂ ಏನೂ ಕೇಳದ ಕುಂತಿರಬೇಕು.
ಯಾವುದೋ ಪುಸ್ತಕದ ನಡುವ ಗುರುತಿಗಂತ ಇಟ್ಟ ಕಾಗದ,
ಮುಂದಿನ ಮಷೀನಿನ ಮಸಿ ಮಾಸಿ
ಮುದಗಲ್ ಅನ್ನೂದೂ ಅಳಿಸಿ ಹೋಗಿ
ಹಿಂದ ನನ್ನ ಬಾಲ್‌ಪೆನ್ನಿನ ೪೭೨ ಮಾತ್ರ ಉಳದಿರಬೇಕು.
ಇಡೀ ದೇಶದಾಗ ಅದೊಂದ ಟಿಕೀಟು,
ಕೊಡೂದು ಬಾಕಿ.