ಆಧಾರ ಬೇಕಾಗಿದೆ

ಎರಕದ ಬಗ್ಗೆ ಕನ್ನಡದ ಅಂತರ್ಜಾಲ ವಿಶ್ವಕೋಶದಲ್ಲಿ
ಎರಡೇ ಸಾಲು ಇತ್ತು.
ಕೆಳಗೊಂದು ಪಟ್ಟಿ: ಇದು ಚುಟುಕು ಲೇಖನ, ಬೆಳೆಸಿರಿ.
ಬಾಳೆಬುಡಕ್ಕೆ ನೀರು ಬಿಡಿ ಎಂದಷ್ಟು ಸಲೀಸು.

ಪಾಲಿಟೆಕ್ನಿಕ್ಕಿನಲ್ಲಿ ಲೋಹಶಾಸ್ತ್ರ ಕಲಿಸುವವಳು ನಾನು,
ಕುಲುಮೆಯ ಚಿತ್ರವನ್ನು ಬೋರ್ಡಿನ ಮೇಲೆ
ಇಪ್ಪತ್ತೆರಡು ವರ್ಷ ಬರೆದು ಒರೆಸಿದವಳು.
ಶನಿವಾರ ಮಧ್ಯಾಹ್ನ ಮಂಗಳೂರು ಬಂದರಿನ ಹಿಂದಿನ ಓಣಿಗೆ ಹೋದೆ.
ಒಣಮೀನಿನ ಗೋದಾಮು, ಐಸಿನ ಕಾರ್ಖಾನೆ,
ಇದಿನಬ್ಬರ ಗುಜರಿ ಅಂಗಡಿ ದಾಟಿದರೆ
ತ್ಯಾಂಪಣ್ಣ ಆಚಾರಿಯ ಶೆಡ್ಡು.
ಬೋಟುಗಳಿಗೆ ಹಿತ್ತಾಳೆಯ ಪಂಖ ಎರೆಯುವ ಜಾಗ.

"ಯಾವ ಇಸವಿಯಲ್ಲಿ ಶುರು?"
"ಅಳಿವೆಬಾಗಿಲಲ್ಲಿ ಹೂಳು ತುಂಬಿ
ಮಂಜಿಗಳು ಒಳಗೆ ಬಾರದ ವರ್ಷ.
ಅಪ್ಪನಿಗೆ ಆಗ ಮೀಸೆ ಇರಲಿಲ್ಲವಂತೆ."
"ಶಾಖ ಎಷ್ಟು ಡಿಗ್ರಿ?"
"ಮೂಸೆಯ ಬಾಯಲ್ಲಿ ಹಸಿರು ನಾಲಿಗೆ ಆಡಬೇಕು.
ಬಿಳಿ ಹೊಗೆ ಎದ್ದರೆ ಸತು ಓಡಿಹೋಯ್ತು ಅಂತ ಲೆಕ್ಕ,
ಮತ್ತೆ ಹಿಡಿಯಲಿಕ್ಕೆ ಆಗುವುದಿಲ್ಲ ಟೀಚರೇ."

ಮರಳು ನೋಡಿ ಎಂದ.
ಗುರುಪುರ ಹೊಳೆಯದು, ಜರಡಿ ಹಿಡಿದು
ಬೆಲ್ಲದ ನೀರು ಚಿಮುಕಿಸಿ ಕಲಸಿದ್ದು.
ಮುಷ್ಟಿಯಲ್ಲಿ ಹಿಂಡಿ ಕೈ ಬಿಡಿಸಿದ;
ಬೆರಳುಗಳ ಗುರುತು ನಿಂತಿತು. ನಡುವೆ ಒತ್ತಿದ,
ಬಿಸ್ಕೀಟಿನ ಹಾಗೆ ಚೊಕ್ಕ ಮುರಿಯಿತು.
"ಇದು ಪಾಸು."
ಆ ಪಾಕ ಇರುವೆಗಳಿಗೂ ಗೊತ್ತಿತ್ತು,
ಅಚ್ಚಿನ ಪೆಟ್ಟಿಗೆಯ ಸುತ್ತ ಸಾಲುಗಟ್ಟಿದ್ದವು.

ಅಷ್ಟನ್ನೂ ಬರೆದು ರಾತ್ರಿ ಹನ್ನೊಂದಕ್ಕೆ ಸೇರಿಸಿದೆ.
ಬೆಳಗ್ಗೆ ಹಾಲಿನವ ಬರುವ ಮೊದಲೇ ಅಳಿಸಿಹೋಗಿತ್ತು.
ಯಾರೋ ಹೆಸರು ಹೇಳದ ಸಂಪಾದಕ, ಸಭ್ಯ:
ಸ್ವಂತ ಸಂಶೋಧನೆ. ಮುದ್ರಿತ ಆಧಾರ ಬೇಕಾಗಿದೆ.
ಕೋಪ ಬಂತು. ಆಮೇಲೆ ಯೋಚಿಸಿದರೆ
ಅವನು ಹೇಳಿದ್ದೂ ಸರಿಯೇ;
ನಾಳೆ ಯಾವನಾದರೂ ಬಂದು
ಮೈಸೂರುಪಾಕಿನಲ್ಲಿ ಪಂಖ ಎರೆಯುತ್ತಾರೆ ಎಂದು ಬರೆದರೆ?

ಲೈಬ್ರರಿಯಲ್ಲಿ ಕೂತೆ.
ಹಂಚಿನ ಕಾರ್ಖಾನೆಗಳಿಗೆ ಪುಟಗಳುಂಟು,
ಒಡೆಯರ ಫೋಟೋ ಉಂಟು,
ಹಂಚು ಒತ್ತುವ ಯಂತ್ರಕ್ಕೆ ತಿರುಪು ಎರೆದವನು ಇಲ್ಲ.
ಪದಸೂಚಿಯಲ್ಲಿ 'ಎರಕ' ಹುಡುಕಿದರೆ: ಕಬ್ಬಿಣ ನೋಡಿ.
ಕಬ್ಬಿಣಕ್ಕೆ ಹೋದರೆ: ಆಮದು ನೋಡಿ.

ಮೂರನೇ ಸಲ ಹೋದಾಗ ತ್ಯಾಂಪಣ್ಣ
ತಗಡಿನ ಡಬ್ಬಿ ತೆರೆದ. ಒಳಗೊಂದು ನೋಟೀಸು,
ಮಡಿಚಿದ ಗೆರೆಗಳಲ್ಲಿ ಬೆಳಕು ತೂರುವಷ್ಟು ಹಳತು.
ಮುನಿಸಿಪಾಲಿಟಿಯ ಮೊಹರು. ಅಪ್ಪನ ಹೆಸರು.
ಕಸುಬು: ಎರಕ.
ಅಪರಾಧ: ನೆರೆಕರೆಗೆ ಹೊಗೆ.
ದಂಡ ಹನ್ನೊಂದು ರೂಪಾಯಿ.
ಇಸವಿ, ತಿಂಗಳು, ತಾರೀಕು, ಎಲ್ಲ ಅಚ್ಚಿನಲ್ಲಿ.

ನಾನು ಕುಣಿಯುವುದೊಂದು ಬಾಕಿ.
ಸರ್ಕಾರ ಈ ಶೆಡ್ಡಿನತ್ತ ಕಣ್ಣೆತ್ತಿದ್ದು
ಕಣ್ಣು ಉರಿದಾಗ ಒಮ್ಮೆ.
ಇರಲಿ. ಅಡಿಟಿಪ್ಪಣಿ, ಅಂಕಿ ಒಂದು.

ಹೊರಗೆ ಧಕ್ಕೆಯಲ್ಲಿ ಬೋಟೊಂದು ಹಿಂದಕ್ಕೆ ಸರಿಯಿತು.
ಅದರ ಅಡಿಯಲ್ಲಿ, ಕೆಸರುನೀರಿನೊಳಗೆ,
ಉಳಿಯಲ್ಲಿ ಕೊರೆದ 'ತ್ಯಾಂ' ಎಂಬ ಒಂದಕ್ಷರ
ಯಾರೂ ಓದಲಾರದ ವೇಗದಲ್ಲಿ ಸುತ್ತುತ್ತಿತ್ತು.

"ಬರಕೊಂಡಿರಾ?" ಕೇಳಿದ.
"ದಂಡ ಕಟ್ಟಲಿಲ್ಲ ಅಂತಲೂ ಹಾಕಿ.
ಅಪ್ಪ ಸಾಯುವವರೆಗೂ ಕಟ್ಟಲೇ ಇಲ್ಲ."
"ಅದಕ್ಕೆ ಆಧಾರ?"
ಡಬ್ಬಿಯನ್ನು ಬೋರಲು ಹಾಕಿ ತಟ್ಟಿದ.
ಚಿಟಿಕೆ ಮರಳು ಉದುರಿತು.
"ರಶೀದಿ ಇಲ್ಲವಲ್ಲ, ಟೀಚರೇ."