ಅಳತೆಗೆ ಸಿಗದವಳು

ಚೀಟಿಯಲ್ಲಿ ಬರೆದಿತ್ತು: ಹೆಣ್ಣು, ಕಪ್ಪು,
ವಯಸ್ಸು ಆರು ಇರಬಹುದು.
ಮರಿಗಳ ಗೂಡಿನ ಮುಂದೆ ಮಕ್ಕಳ ಗದ್ದಲ,
ಒಂದೊಂದಕ್ಕೂ ಹೆಸರಿಟ್ಟು, ಎತ್ತಿ, ಮೂಗಿಗೆ ಮೂಗು ತಾಗಿಸಿ.
ಇವಳ ಗೂಡಿನಲ್ಲಿ
ಮಡಚಿಟ್ಟ ಗೋಣಿ,
ಗೋಣಿಯ ಹಿಂದೆ ಎರಡು ಕಣ್ಣು.

"ಇದು ಬೇಡ ಕಾರ್ಮಿಣಬಾಯಿ," ಅಂದರು ಚೋಂದವ್ವ,
"ಹತ್ತು ತಿಂಗಳಾಯ್ತು, ಅನ್ನ ಹಾಕುವ ಕೈಯನ್ನೇ ನಂಬಿಲ್ಲ."
ಬೆಕ್ಕು ಯಾಕೆ ಬೇಕು ಎಂದು ಫಾರಮ್ಮಿನಲ್ಲೊಂದು ಪ್ರಶ್ನೆ.
ಇಲಿ ಬಟ್ಟೆ ಕಡಿಯುತ್ತದೆ, ಎಂದು ಬರೆದೆ.
ನನ್ನ ಅಂಗಡಿಯಲ್ಲಿ ಇಲಿ ಇಲ್ಲ.

ಎಡಗಿವಿಯ ತುದಿಯಲ್ಲೊಂದು ಕಚ್ಚು,
ಆಪರೇಶನ್ ಆದ ಗುರುತಂತೆ.
ನಾವೂ ಹಾಗೇ, ತೋಳು ಭುಜಕ್ಕೆ ಸೇರುವಲ್ಲಿ
ಬಟ್ಟೆಗೆ ಕತ್ತರಿಯಿಂದ ಒಂದು ಕಚ್ಚು ಕೊಡುತ್ತೇವೆ,
ಇಲ್ಲಿಂದ ಕೂಡಿಸಬೇಕು ಎಂಬ ನೆನಪಿಗೆ.

ಪೊನ್ನಂಪೇಟೆಯಿಂದ ವಿರಾಜಪೇಟೆಗೆ ಬಸ್ಸು.
ಬುಟ್ಟಿಯಲ್ಲಿ ಉಸಿರಿನ ಸದ್ದೂ ಇಲ್ಲ.
"ಕೋಳಿಯಾ?" ಅಂದ ಕಂಡಕ್ಟರು.
ಹೂಂ ಅಂದೆ.
ಅರ್ಧ ಟಿಕೆಟ್ಟಿನ ಕೋಳಿಯಾಗಿ ಊರು ಸೇರಿದಳು.

ಗಡಿಯಾರ ಕಂಬದ ಹಿಂದಿನ ನನ್ನ ಅಂಗಡಿಯಲ್ಲಿ
ಬುಟ್ಟಿಯ ಮುಚ್ಚಳ ತೆಗೆದೆನೋ ಇಲ್ಲವೋ
ಸೂಜಿಗಣ್ಣಿಂದ ಜಾರಿದ ದಾರದ ಹಾಗೆ
ಹೋದಳು, ಬೀರುವಿನ ಅಡಿಗೆ.
ಒಂದು ವಾರ. ಎರಡು ವಾರ.
ಮಿಷನ್ನಿನ ಮೋಟರು ಬಿಚ್ಚಿಸಿ ಮೂಲೆಗಿಟ್ಟೆ,
ಚಕ್ರಕ್ಕೆ ಕೈಕೊಟ್ಟು ತಿರುಗಿಸಿದೆ,
ಒಂದು ಹೊಲಿಗೆ, ಆಮೇಲೆ ಇನ್ನೊಂದು ಹೊಲಿಗೆ.
"ಸಾಕಿದ್ದು ಬೆಕ್ಕಾ, ದೆವ್ವವಾ?" ಎಂದು ಬೇಕರಿಯ ಹಂಸ ನಕ್ಕ.
ರಾತ್ರಿ ಹಿಂದಿನ ಕೋಣೆಯಲ್ಲಿ ಚಾಪೆಯ ಮೇಲೆ ಕಣ್ಣುಮುಚ್ಚಿರುವಾಗ
ತಟ್ಟೆ ಗಾರೆನೆಲದ ಮೇಲೆ ಒಂದಿಷ್ಟು ಸರಿಯುತ್ತದೆ.
ಬೆಳಗ್ಗೆ ಮತ್ತಿಯ ಮುಳ್ಳೂ ಇಲ್ಲ.
ಅಷ್ಟೇ ನಮ್ಮ ಪರಿಚಯ.

ಪಕ್ಕದವರು ಯಾರೋ ಶಟರು ದಡಾರನೆ ಎಳೆದರೆ
ಅವಳ ಉಗುರು ನೆಲ ಗೀರುವುದು ಕೇಳುತ್ತದೆ.
ನಾನು ಕತ್ತರಿ ಹಿಡಿದಲ್ಲೇ ನಿಂತಿರುತ್ತೇನೆ,
ಹೆಜ್ಜೆ ಯಾರದೆಂದು ಗೊತ್ತಾಗುವ ತನಕ.
ಹಿಂದೆ ಯಾರ ಮನೆಯಲ್ಲಿದ್ದೆ ಎಂದು ನಾನು ಕೇಳಲಿಲ್ಲ.
ಅವಳೂ ನನ್ನನ್ನು ಕೇಳಲಿಲ್ಲ.

ಕಾಫಿ ಹೂ ಉದುರಿತು, ಮದುವೆಗಳು ಶುರು.
ಪೂವಣ್ಣನವರ ಮಗನಿಗೆ ಬಿಳಿ ಕುಪ್ಯ,
ಕಾಲರಿಗೆ ಎರಡು ಸಲ ಇಸ್ತ್ರಿ ಕೊಟ್ಟು
ಮೇಜಿನ ಮೇಲೆ ಹರಡಿ ಮಲಗಿದ್ದೆ.
ಬೆಳಗ್ಗೆ ಮಡಚಿ ಕವರಿಗೆ ಹಾಕಿ ಕೊಟ್ಟೂ ಆಯ್ತು.
ಮಧ್ಯಾಹ್ನ ತಾಯಿ ಬೊಳ್ಳಮ್ಮ ಮೆಟ್ಟಿಲಿನಿಂದಲೇ:
"ಮದುಮಗ ತೊಡುವ ಬಟ್ಟೆಯಾ ಇದು?
ಬೆನ್ನು ನೋಡು, ಬೆನ್ನು!"

ನೋಡಿದೆ.
ಬಿಳಿಯ ಮೇಲೆ ಕಪ್ಪು ಕೂದಲು,
ಚದುರಿಲ್ಲ, ಒಂದು ಕಡೆ ದುಂಡಗೆ,
ಒತ್ತಿ, ತಿರುಗಿ, ಮತ್ತೆ ಒತ್ತಿ
ಯಾರೋ ತುಂಬ ಹೊತ್ತು ಮಲಗಿದ್ದ ಹಾಗೆ.
ಕೊರಳಿನ ಟೇಪು ತೆಗೆದು ಇಟ್ಟೆ:
ಅಡ್ಡ ಹನ್ನೊಂದು ಇಂಚು,
ಉದ್ದ ಹನ್ನೊಂದೂವರೆ.
"ನಗುತ್ತೀಯಲ್ಲ!" ಅಂದರು ಬೊಳ್ಳಮ್ಮ.
ನೂರು ರೂಪಾಯಿ ಕಡಿಮೆ ಕೊಟ್ಟರು, ತಕೊಂಡೆ.
ಒಂದೊಂದೇ ಕೂದಲು ಹೆಕ್ಕಿ
ಪುಸ್ತಕದಲ್ಲಿ, ಗಿರಾಕಿಗಳ ಅಳತೆಯ ನಡುವೆ,
ಆ ಎರಡು ಅಂಕೆ ಬರೆದುಕೊಂಡೆ.
ಹೆಸರಿನ ಜಾಗ ಖಾಲಿ ಬಿಟ್ಟೆ.

ಆ ರಾತ್ರಿ ಜಾಣತನ ಮಾಡಿ
ಹಳೆಯ ಬಿಳಿ ಪಂಚೆಯೊಂದನ್ನು ಹರಡಿದೆ.
ಬರಲಿಲ್ಲ. ಮರುದಿನವೂ ಇಲ್ಲ.
ಪಂಚೆ ಇಟ್ಟ ಹಾಗೇ, ಸುಕ್ಕಿಲ್ಲದೆ.

ನಿದ್ದೆ ಬಾರದೆ ಲೆಕ್ಕ ಹಾಕಿದೆ:
ಅವಳು ಬಂದ ಮೇಲೆ ನಾನು ಹೊಲಿದ
ಕಪ್ಪು ಕುಪ್ಯಗಳು ಒಂಬತ್ತು.
ಮೂರ್ನಾಡಿಗೆ ಎರಡು, ನಾಪೋಕ್ಲಿಗೆ ಒಂದು,
ಉಳಿದವು ಇಲ್ಲೇ ಸುತ್ತಮುತ್ತ.
ಎಲ್ಲವೂ ಒಂದೊಂದು ರಾತ್ರಿ ಈ ಮೇಜಿನ ಮೇಲೇ ಇದ್ದವು.
ಕಪ್ಪಿನ ಮೇಲೆ ಕಪ್ಪು, ಯಾರಿಗೆ ಕಾಣುತ್ತದೆ?
ಯಾವ ಚಪ್ಪರದಲ್ಲಿ, ಯಾರ ಬೆನ್ನ ಮೇಲೆ
ಕೂತು ಹೋಗಿದ್ದಾಳೋ
ನನ್ನ ಬೆಕ್ಕು,
ಮೊದಲ ವಾರದಿಂದಲೇ.