ಮಾಡು ಮುಟ್ಟದ ಗೋಡೆ

ಗೋಣಿಕೊಪ್ಪದ ಸೊಸೈಟಿ, ಮೆಟ್ಟಿಲ ಕೆಳಗಿನ ಕೋಣೆ.
ಇರುವುದು ಒಂದೇ ಸರ್ವರು. ಅದರೊಳಗೆ ಮೂರು ಯಂತ್ರ:
ಕಾಳುಮೆಣಸಿನ ಖಾತೆ, ಆಸ್ಪತ್ರೆಯ ರಕ್ತದ ಪಟ್ಟಿ,
ಇನ್ನೊಂದು ಯಾರದೋ, ನಾನು ಕೇಳಬಾರದು.
ಪ್ರತಿಯೊಂದಕ್ಕೂ ಇಡೀ ಮನೆ ತನ್ನದೇ ಎಂಬ ನಂಬಿಕೆ.

“ಗೋಡೆ ಭದ್ರ ಇದೆ ತಾನೆ?” ಚಂಗಪ್ಪನವರ ಫೋನು.
ಇದೆ ಅನ್ನುತ್ತೇನೆ.
ಹುಟ್ಟಿದ್ದು ನಾನು ಲೈನ್‌ಮನೆಯಲ್ಲಿ:
ಒಂದೇ ತಗಡು, ಆರು ಒಲೆ,
ನಡುಗೋಡೆ ಮಾಡು ಮುಟ್ಟುತ್ತಿರಲಿಲ್ಲ.
ಚೋಮಿ ಮತ್ತಿಮೀನು ಹುರಿದರೆ ನಮಗೆ ಗೊತ್ತು.
ನಮ್ಮ ನಲ್ಲಿ ಸಣ್ಣಗಾದರೆ
ಆಚೆ ಖದೀಜುಮ್ಮ ಹಂಡೆ ತುಂಬುತ್ತಿದ್ದಾಳೆ, ಅಂದರೆ
ಗಂಡ ಬಂದಿದ್ದಾನೆ ಕುಟ್ಟದಿಂದ.
ಯಾರೂ ಇಣುಕಲಿಲ್ಲ. ನೀರೇ ಹೇಳಿತು.

ಇಲ್ಲೂ ಅಷ್ಟೇ. ಕಳ್ಳ ಬೀಗ ಮುರಿಯಬೇಕಿಲ್ಲ,
ಪಕ್ಕದಲ್ಲಿ ಬಾಡಿಗೆಗೆ ಕೂತು
ತನ್ನ ಲೆಕ್ಕ ಎಷ್ಟು ತಡವಾಯಿತೆಂದು ಎಣಿಸಿದರೆ ಸಾಕು.

ರಾತ್ರಿ ಎರಡಕ್ಕೆ ಆಸ್ಪತ್ರೆ ಇನ್ನಷ್ಟು ಮೆಮೊರಿ ಕೇಳಿತು.
ಮೆಣಸು ನಿದ್ದೆಯಲ್ಲಿತ್ತು. ಅದರದ್ದೇ ತುಸು ಎಳೆದು,
ಸೊನ್ನೆ ತುಂಬಿ ಒರೆಸಿ, ಕೊಟ್ಟೆ.

ಅವ್ವನೂ ಹೀಗೇ. ಎರವಲು ಪಾತ್ರೆಗೆ
ಬೂದಿ ಹಚ್ಚಿ ತಿಕ್ಕಿ, ಮೂಸಿ ನೋಡಿ, ಮತ್ತೆ ತಿಕ್ಕಿ—
ನಾವೇನು ಉಂಡೆವೆಂದು ಅವರಿಗೇಕೆ?

ಏನೂ ಬೇಯದ ದಿನ
ಗೋಡೆಯಾಚೆ ಕೇಳಲೆಂದೇ
ಇನ್ನೂ ಜೋರಾಗಿ ತಿಕ್ಕುತ್ತಿದ್ದಳು.